ಎಂಟರ ತನಕ

ರೋಗಕ್ಕೆ ಗಡಿಯಾರ ನೋಡಲು ಬರುತ್ತದೇನು? ಆಗಸ್ಟ್ ತಿಂಗಳ ಬಿಲ್ಲು ನೋಡುತ್ತ ಕೂತಾಗ ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು. ಒಬ್ಬರೇ ಡಾಕ್ಟರು, ಒಂದೇ ವಸತಿ, ನಲವತ್ತಮೂರು ಚೀಟಿ. ಅದರಲ್ಲಿ ಮೂವತ್ತೊಂದು ಕರೆಗಳು ರಾತ್ರಿ ಎಂಟರಿಂದ ಎಂಟೂ ಇಪ್ಪತ್ತರ ಒಳಗೆ ಬಂದಿದ್ದವು. ಉಳಿದ ಹನ್ನೆರಡು ರಾತ್ರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು. ಒಂದು ವಸತಿಯ ಮಂದಿಗೆಲ್ಲ ದಿನಾ ಎಂಟಕ್ಕೆ ಸರಿಯಾಗಿ ಆರಾಮ ತಪ್ಪುತ್ತದೆ ಅಂದರೆ ಯಾರು ನಂಬಬೇಕು? ನಾನಂತೂ ನಂಬಲಿಲ್ಲ.

ನಾನು ಪುಣೆಯ ಒಂದು ಸರಕಾರಿ ಆರೋಗ್ಯ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಸೀನಿಯರ್ ಕ್ಲಾರ್ಕ್. ಯಾವ ಕಚೇರಿ ಅಂತ ಕೇಳಬೇಡಿ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ನಮ್ಮದೊಂದು ಯೋಜನೆ ಇದೆ. ಹಾಸಿಗೆ ಹಿಡಿದ ಬಡ ರೋಗಿಗೆ ನಮ್ಮ ಸರಕಾರಿ ದವಾಖಾನೆ ಮುಚ್ಚಿದ ಮೇಲೆ ಏನಾದರೂ ಆದರೆ ಮನೆಯವರು ಒಂದು ನಂಬರಿಗೆ ಫೋನ್ ಮಾಡಬೇಕು. ಅಲ್ಲಿಂದ ಟೋಕನ್ ನಂಬರ್ ಬರುತ್ತದೆ, ಆ ಭಾಗದ ಖಾಸಗಿ ಡಾಕ್ಟರು ಮನೆಗೆ ಹೋಗಿ ನೋಡುತ್ತಾರೆ. ರೋಗಿ ಪೈಸೆ ಕೊಡುವಂತಿಲ್ಲ, ಡಾಕ್ಟರಿಗೆ ನಾವು ಕೊಡುತ್ತೇವೆ. ಡಾಕ್ಟರು ಪ್ರತಿ ಭೇಟಿಗೊಂದು ಚೀಟಿ ತುಂಬುತ್ತಾರೆ. ಟೋಕನ್, ಸಮಯ, ಮನೆಯವರ ಸಹಿ ಇಲ್ಲವೇ ಹೆಬ್ಬೆಟ್ಟು, ಈ ಮೂರೂ ತಾಳೆಯಾದರೆ ನಾನು ಪಾಸ್ ಮಾಡುತ್ತೇನೆ. ಆಗದಿದ್ದರೆ ಕೆಂಪು ಪೆನ್ನು. ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ‘ಲಾಲ್ ಪೆನ್ ಬಾಯಿ’ ಅನ್ನುತ್ತಾರೆ. ಗೊತ್ತಿದೆ ನನಗೆ. ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ನಲವತ್ತಮೂರು ಚೀಟಿಗಳ ಮೇಲೆ ಟಿಪ್ಪಣಿ ಬರೆದೆ: ‘ಕರೆಗಳ ಸಮಯ ಸಹಜವಾಗಿ ತೋರುವುದಿಲ್ಲ. ರಾತ್ರಿಯ ದರ ಸಿಗಲೆಂದು ಸಮಯ ಹೊಂದಿಸಿರುವ ಶಂಕೆ ಇದೆ. ಪಾವತಿ ತಡೆಯಬಹುದು.’ ನಮ್ಮ ಲೆಕ್ಕಾಧಿಕಾರಿ ಸಾಹೇಬರು ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಹಾಕುವವರಲ್ಲ. ಇದಕ್ಕೆ ಒಂದೇ ಸಲಕ್ಕೆ ಹಾಕಿದರು, ನನ್ನ ಮೇಲೆ ಅಷ್ಟು ನಂಬಿಕೆ. ಡಾಕ್ಟರ ಪಾವತಿ ನಿಂತಿತು. ಆಗಸ್ಟ್‌ನದೂ ನಿಂತಿತು, ಮುಂದಿನ ಎರಡು ತಿಂಗಳದೂ ನಿಂತಿತು.

ಡಾಕ್ಟರು ಒಂದು ಮಧ್ಯಾಹ್ನ ತಾವೇ ಬಂದರು. ನಿಪ್ಪಾಣಿ ಕಡೆಯವರು, ಕನ್ನಡ ಮರಾಠಿ ಎರಡೂ ಸಲೀಸು. ಐವತ್ತರ ಮೇಲಿನ ವಯಸ್ಸು, ಮಾಸಿದ ಅಂಗಿ, ಕೈಯಲ್ಲಿ ಹೆಲ್ಮೆಟ್. ಮೋಸ ಮಾಡುವವರು ಜಗಳ ತೆಗೆಯುತ್ತಾರೆ ಅಂತ ನನ್ನ ಅನುಭವ. ಇವರು ಜಗಳ ತೆಗೆಯಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ನೀರು ಕೇಳಿ ಕುಡಿದರು.

“ಎಂಟಕ್ಕ ಯಾಕ ಎಲ್ಲಾರಿಗೂ ಆರಾಮ ತಪ್ಪತದ ಅಂತ ಬರದೀರಂತ ನೀವು,” ಅಂದರು.

“ಬರದೀನ್ರಿ. ಉತ್ತರ ಇದ್ರ ಹೇಳ್ರಿ.”

“ನನ್ನ ಬಾಯಿಲೆ ಯಾಕ ಕೇಳ್ತೀರಿ ಮ್ಯಾಡಮ್? ಒಂದ ಸಂಜಿ ಆ ವಸತಿಗೆ ಬರ್ರಿ. ಐದಕ್ಕ ಬರ್ರಿ, ಎಂಟಕ್ಕ ಅಲ್ಲ. ನೋಡ್ರಿ, ಆಮ್ಯಾಲ ನನ್ನ ಕಳ್ಳ ಅಂದ್ರೂ ನಡೀತದ.” ಏಳುತ್ತ ಇನ್ನೊಂದು ಮಾತು ಹೇಳಿದರು: “ಈ ತಿಂಗಳ ಮುಗಿಯೋ ತನಕ ಹೋಗ್ತೀನಿ. ಮುಂದ ನನ್ನ ಹೆಸರು ತಗದು ಬಿಡ್ರಿ.”

ಅವರ ಹೆಸರು ತೆಗೆದರೆ ಆ ವಸತಿಗೆ ಬೇರೆ ಯಾರೂ ಇರಲಿಲ್ಲ. ಮೊದಲು ಮೂವರು ಡಾಕ್ಟರಿದ್ದರು. ಇಬ್ಬರು ಲಿಫ್ಟ್ ಇಲ್ಲದ ಮೂರು ಮಾಳಿಗೆ ಹತ್ತಿ ಇಳಿದು, ನಮ್ಮ ಪಾವತಿಗಾಗಿ ಕಾದು ಕಾದು, ಕೈ ಮುಗಿದು ಬಿಟ್ಟುಹೋಗಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿಗೆ ನನಗೆ ಅನಿಸಿದ್ದು ಒಂದೇ: ಹೆದರಿಸಲು ಬಂದಿದ್ದಾನೆ. ಸಾಹೇಬರು ಮಾತ್ರ ಸ್ಥಳ ಪರಿಶೀಲನೆ ಮಾಡಿಯೇ ಬಾ ಅಂದರು. ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಮನೆಯೊಂದನ್ನು ಆರಿಸಿಕೊಂಡೆ. ಆ ತಿಂಗಳು ಏಳು ಭೇಟಿ, ಏಳೂ ಎಂಟರಿಂದ ಎಂಟೂ ಹದಿನೈದರ ನಡುವೆ.

ಚಿಂಚವಾಡದ ಆಚೆಗಿನ ಕಾರ್ಮಿಕರ ವಸತಿ ಅದು. ಕಾತ್ರಜದ ನಮ್ಮ ಮನೆಯಿಂದ ಊರಿನ ಆ ತುದಿಗೆ ಹೋಗುವುದೇ ಒಂದು ಪ್ರವಾಸ, ಅದಕ್ಕೆ ಮಂಗಳವಾರ ಮಧ್ಯಾಹ್ನವೇ ಹೊರಟೆ. ಮೂರನೇ ಮಾಳಿಗೆ ಹತ್ತುವಷ್ಟರಲ್ಲಿ ನನಗೇ ಏದುಸಿರು. ಬಾಗಿಲು ತೆರೆದೇ ಇತ್ತು. ಮೂವತ್ತರ ಸುಮಾರಿನ ಹೆಣ್ಣುಮಗಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ರೊಟ್ಟಿ. ವಾಕಡದ ಒಂದು ಮೆಸ್ಸಿಗೆ ದಿನಾ ಅರವತ್ತು ಕೊಡುತ್ತಾಳೆ, ಏಳಕ್ಕೆ ಗಾಡಿಯವ ಬಂದು ಒಯ್ಯುತ್ತಾನೆ. ಗಂಡ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಇಂಡಿ ತಾಲೂಕಿನವರಂತೆ, ಅಂದರೆ ನಮ್ಮವ್ವನ ತವರಿನ ಕಡೆ. ಅದನ್ನು ಕೇಳಿದ ಮೇಲೆ ನಾನು ಮರಾಠಿ ಬಿಟ್ಟೆ, ಅವಳು ಚಹಾ ಇಟ್ಟಳು. ಪರಿಶೀಲನೆಗೆ ಹೋದವರು ಚಹಾ ಕುಡಿಯಬಾರದು ಅಂತ ನಿಯಮ. ಕುಡಿದೆ.

ಕಿಟಕಿಯ ಕೆಳಗೆ ಕಾಟಿನ ಮೇಲೆ ಅವಳ ಅತ್ತೆ, ಬೆನ್ನಿಗೆ ಮೂರು ದಿಂಬು ಒತ್ತುಕೊಟ್ಟು ಕೂರಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ. ಹೃದಯ ಸೋತಿದೆ, ಎದೆಯಲ್ಲಿ ನೀರು ತುಂಬುತ್ತದೆ, ಕಾಲು ಬಾತಿವೆ. ವಾರಕ್ಕೆ ಒಂದೆರಡು ಸಲ ನೀರು ಇಳಿಸುವ ಇಂಜೆಕ್ಷನ್ ಕೊಡಲೇಬೇಕು, ಕೊಟ್ಟರೆ ಒಂದು ತಾಸಿನಲ್ಲಿ ಮನುಷ್ಯಳಾಗುತ್ತಾಳೆ. ದೊಡ್ಡ ಆಸ್ಪತ್ರೆಗೆ ಎರಡು ಸಲ ಒಯ್ದಿದ್ದರು. ಮೂರು ಮಾಳಿಗೆ ಹೊತ್ತು ಇಳಿಸಬೇಕು, ಅಲ್ಲಿ ರಾತ್ರಿಯೆಲ್ಲ ಕಾಯಬೇಕು, ಅವರೂ ಅದೇ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಅಜ್ಜಿ ನನ್ನನ್ನು ನೋಡಿ, “ಯಾರ ಪೈಕಿ?” ಅಂತ ಕೇಳಿದಳು. ಕಚೇರಿಯಿಂದ ಅಂದೆ. “ಆಗಲಿ, ಉಣ್ಣು,” ಅಂದಳು.

ಫಾರ್ಮ್ ತೆಗೆದು ಪ್ರಶ್ನೆ ಸುರು ಮಾಡಿದೆ. ಡಾಕ್ಟರು ಖರೆ ಬರುತ್ತಾರಾ? ಬರ್ತಾರ್ರಿ. ರೊಕ್ಕ ಕೇಳುತ್ತಾರಾ? ಒಂದ ಪೈಸಾ ಕೇಳಿಲ್ರಿ. ಸಮಯ ಯಾರು ಬರೆಯುತ್ತಾರೆ? ಅವರ ಬರೀತಾರ್ರಿ, ನನ್ನ ಮುಂದನ. ಕೊನೆಗೆ ಕೇಳಿದೆ: “ಯಾವಾಗ್ಲೂ ಎಂಟಕ್ಕ ಯಾಕ ಕರೀತೀರಿ?”

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. “ಎಂಟರಿಂದ ಅಲ್ಲೇನ್ರಿ ಟೋಕನ್ ಕೊಡೋದು?”

ನಮ್ಮ ದವಾಖಾನೆ ಮುಚ್ಚುವುದು ಸಂಜೆ ನಾಲ್ಕಕ್ಕೆ. ಟೋಕನ್ ಸುರುವಾಗುವುದು ರಾತ್ರಿ ಎಂಟಕ್ಕೆ. ನಡುವಿನ ನಾಲ್ಕು ತಾಸು ಯಾರ ಲೆಕ್ಕದಲ್ಲೂ ಇಲ್ಲ. ಇಷ್ಟು ವರ್ಷ ಆ ಚೀಟಿಗಳನ್ನು ಪಾಸ್ ಮಾಡುತ್ತ ಬಂದ ನನಗೆ ಇದು ಒಂದು ಸಲವೂ ಹೊಳೆದಿರಲಿಲ್ಲ. ಏಳು ಗಂಟೆಯ ಚೀಟಿಯೇ ನನ್ನ ಮೇಜಿಗೆ ಬರುತ್ತಿರಲಿಲ್ಲವಲ್ಲ, ಹೇಗೆ ಹೊಳೆಯಬೇಕು?

ಆರು ದಾಟುತ್ತಿದ್ದಂತೆ ಅಜ್ಜಿಯ ಉಸಿರು ಬದಲಾಯಿತು. ಮೊದಲು ಗೊರಗೊರ ಸದ್ದು. ಆಮೇಲೆ ಎರಡೂ ಕೈ ಹಾಸಿಗೆಗೆ ಊರಿ, ಭುಜ ಮೇಲೆತ್ತಿ ಉಸಿರು ಎಳೆಯತೊಡಗಿದಳು. ಸೊಸೆ ಹಂಚಿನ ಮೇಲಿನ ರೊಟ್ಟಿ ತೆಗೆದು, ಕೈ ಒರೆಸಿಕೊಂಡು ಎದ್ದಳು. ಕಾಲು ಕೆಳಗೆ ಇಳಿಬಿಟ್ಟು ಕೂರಿಸಿದಳು, ಫ್ಯಾನು ಹತ್ತಿರ ತಿರುಗಿಸಿದಳು, ಬೆನ್ನು ನೀವಿದಳು. ಗೋಡೆಯ ಗಡಿಯಾರ ನೋಡಿ, “ಇನ್ನ ಎರಡ ತಾಸಿಲ್ಲ ಅತ್ತಿ. ತಡೀರಿ,” ಅಂದಳು.

ತಡೆಯುವುದಕ್ಕೆ ಆ ಓಣಿಯಲ್ಲಿ ಒಂದು ಪದ್ಧತಿಯೇ ಆಗಿಬಿಟ್ಟಿತ್ತು. ಯಾರ ಮನೆಯಲ್ಲಿ ಸಂಜೆ ಜೋರಾದರೂ ಪಕ್ಕದ ಮನೆಯ ಹೆಂಗಸು ಬಂದು ಪಾಳಿಯಲ್ಲಿ ಕೂರುವುದು. ಏಳೂವರೆಗೆ ಅಡಿಗೆ ಕೆಲಸ ಮುಗಿಸಿ ಕೈ ತೆರವು ಮಾಡಿಕೊಳ್ಳುವುದು. ಎಂಟಕ್ಕೆ ಎಲ್ಲರೂ ಒಮ್ಮೆಲೆ ಫೋನ್ ಹಚ್ಚುವುದರಿಂದ ಲೈನ್ ಸಿಗುವುದಿಲ್ಲ, ಅದಕ್ಕೆ ಪಕ್ಕದವರ ಫೋನೂ ಇಟ್ಟುಕೊಂಡು ಎರಡರಿಂದ ಹಚ್ಚುವುದು. ಯಾರಿಗೆ ಲೈನ್ ಸಿಕ್ಕಿತೋ ಅವರದು ಎಂಟೂ ಎರಡು, ಸಿಗದವರದು ಎಂಟೂ ಇಪ್ಪತ್ತು. ನನಗೆ ಮೋಸವಾಗಿ ಕಂಡ ಅಂಕಿಗಳ ಹುಟ್ಟು ಇದು.

“ಹಂಗಾದ್ರ ಡಾಕ್ಟರಿಗೆ ಈಗ ಫೋನ್ ಮಾಡು. ಅವರ ದವಾಖಾನಿ ಇಲ್ಲೇ ಓಣಿ ಬಾಯಿಗೆ ಅದ,” ಅಂದೆ.

“ಈಗ ಬಂದ್ರ ಅವರಿಗೆ ಯಾರ ರೊಕ್ಕ ಕೊಡ್ತಾರ್ರಿ? ಮೊದಲೊಂದು ಸಲ ಬಂದಿದ್ರು, ತಗೋಳಿಲ್ಲ. ವಾರಕ್ಕೆರಡು ಸಲ ಅವರ ಮಾರಿ ಹೆಂಗ ನೋಡ್ಲಿ ಬಾಯಾರ? ಎಂಟರ ಒಳಗ ಕರದ್ರ ಭಿಕ್ಷಾ ಬೇಡಿದಂಗ. ಎಂಟಾದ ಮ್ಯಾಲ ನಮ್ಮ ಹಕ್ಕು ಅದ.”

ಅರವತ್ತು ರೊಟ್ಟಿ ಬಡಿದು ಬದುಕುವ ಹೆಣ್ಣುಮಗಳಿಗೆ ಇಷ್ಟು ಸ್ವಾಭಿಮಾನ ಇರುತ್ತದೆ, ಅದನ್ನು ನಾನು ಮುರಿಯಲಾರೆ. ಆದರೆ ಅಜ್ಜಿಯ ತುಟಿ ನೀಲಿಗೆ ತಿರುಗುತ್ತಿತ್ತು. ಆರೂ ನಲವತ್ತಕ್ಕೆ ನಾನೇ ಯೋಜನೆಯ ನಂಬರಿಗೆ ಫೋನ್ ಮಾಡಿದೆ. ಅತ್ತಲಿಂದ ಒಂದು ಹೆಣ್ಣು ದನಿ, ಎಂಟರ ನಂತರ ಹಚ್ಚಿ ಅಂತ ಮರಾಠಿಯಲ್ಲಿ ಹೇಳಿತು. ನಾನು ಕಚೇರಿಯವಳು, ಲೆಕ್ಕಪತ್ರದವಳು ಅಂತ ಕೂಗಾಡಿದೆ. “ಬಾಯಿ, ನೀವು ಯಾರೇ ಇರಿ, ಎಂಟರ ಒಳಗೆ ಕಂಪ್ಯೂಟರ್ ತೆಗೆದುಕೊಳ್ಳೋದಿಲ್ಲ,” ಅಂದಳು. ಅವಳದೇನು ತಪ್ಪು? ಹೇಳಿದ್ದು ಸರಿಯೇ ಇತ್ತು.

ಡಾಕ್ಟರಿಗೆ ನೇರ ಹಚ್ಚಿದೆ. ಹತ್ತು ನಿಮಿಷದಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ನನ್ನ ಕಡೆ ನೋಡಲೂ ಇಲ್ಲ. ಎದೆ ನೋಡಿದರು, ಬಿ.ಪಿ. ನೋಡಿದರು, ನರಕ್ಕೆ ಇಂಜೆಕ್ಷನ್ ಕೊಟ್ಟರು. ಸ್ಟೂಲಿನ ಮೇಲೆ ಕೂತು ಕಾದರು. ಮುಕ್ಕಾಲು ತಾಸಿನಲ್ಲಿ ಅಜ್ಜಿಯ ಭುಜ ಇಳಿಯಿತು. ಆಗ ಚೀಟಿ ಪುಸ್ತಕ ತೆಗೆದು ಪೆನ್ನು ಬಿಚ್ಚಿದರು.

“ಟೈಮ್ ಏನ ಬರೀಲಿ ಮ್ಯಾಡಮ್? ಎಂಟಕ್ಕ ಇವರು ಫೋನ್ ಹಚ್ಚಿ ಟೋಕನ್ ತಗೋಳ್ಳಿ, ಎಂಟೂ ಐದು ಅಂತ ಬರದ್ರ ಬಿಲ್ ಪಾಸ್ ಆಗ್ತದ. ಇಷ್ಟ ದಿನ ಹಂಗ ಬರದಿಲ್ಲ, ಈಗ ನೀವ ಹೇಳ್ರಿ.”

ಹೂಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆರಡು ವರ್ಷ ಸುಳ್ಳು ಸಮಯ ಹುಡುಕಿ ಹುಡುಕಿ ಗೀಟು ಎಳೆದವಳು ನಾನು. ಅವತ್ತು ಸುಳ್ಳೇ ಸರಿ ಅನಿಸಿತು. ಆದರೆ ಹಾಗೆ ಬರೆದರೆ ಏಳು ಗಂಟೆಯ ಚೀಟಿ ಯಾವತ್ತೂ ಹುಟ್ಟುವುದಿಲ್ಲ, ಹುಟ್ಟದಿದ್ದರೆ ಯಾರಿಗೂ ಕಾಣುವುದಿಲ್ಲ.

“ಖರೇ ಟೈಮ್ ಬರೀರಿ,” ಅಂದೆ.

“ಇದು ನಿಮ್ಮ ಟೇಬಲಿಗೇ ಬರ್ತದ. ನೀವ ಕೆಂಪು ಪೆನ್ನಿಲೆ ಹೊಡೀಬೇಕಾಗ್ತದ.”

“ಬರಲಿ ತಗೋರಿ.”

‘ಸಾ. 6.50, ಟೋಕನ್ ಇಲ್ಲ’ ಅಂತ ಬರೆದರು. ಸೊಸೆ ಸಹಿ ಹಾಕಿದಳು. ಡಾಕ್ಟರು ಹೋದ ಮೇಲೆ ಅವಳು ಬಾಗಿಲ ತನಕ ಬಂದು, “ಹಿಂಗ ಮತ್ತ ಮಾಡಬ್ಯಾಡ್ರಿ ಬಾಯಾರ. ನೀವು ಇವತ್ತ ಇದ್ರಿ, ನಾಳೆ ನಾ ಒಬ್ಬಾಕಿನ,” ಅಂದಳು. “ಇದು ಸರಿ ಆಗ್ತದ ನಡಿ ತಂಗಿ, ನಾ ಮಾಡ್ಸತೀನಿ,” ಅಂತ ಹೇಳಿ ಮೆಟ್ಟಿಲು ಇಳಿದೆ. ಬಸ್ಸಿನಲ್ಲಿ ಕೂತು ಸಿಟ್ಟಿನಿಂದ ಕುದಿಯುತ್ತಿದ್ದೆ. ಯಾವ ಮೂರ್ಖ ಈ ಎಂಟು ಗಂಟೆ ಬರೆದ? ಅವನ ಹೆಸರು ಹುಡುಕಿ ತೆಗೆಯಬೇಕು, ಸಾಹೇಬರ ಮುಂದೆ ಇಟ್ಟು ಕೇಳಬೇಕು ಅಂತ ಬುದ್ಧಿ ಓಡುತ್ತಿತ್ತು.

ಮರುದಿನ ದಫ್ತರದ ಕೋಣೆಗೆ ಹೋಗಿ ಯೋಜನೆಯ ಮೂಲ ಫೈಲು ತೆಗೆಸಿದೆ. ಧೂಳು ಜಾಡಿಸಿ ಮೊದಲ ಪುಟದಿಂದ ಓದಿದೆ. ವೈದ್ಯಕೀಯ ವಿಭಾಗದವರು ಬರೆದು ಮಂಜೂರಾದ ಪ್ರಸ್ತಾವದಲ್ಲಿ ಗಂಟೆಯೇ ಇಲ್ಲ. ‘ದವಾಖಾನೆಯ ವೇಳೆ ಮುಗಿದ ನಂತರ, ಮರುದಿನ ತೆರೆಯುವ ತನಕ’ ಅಂತ ನೆಟ್ಟಗೆ ಬರೆದಿದ್ದಾರೆ. ಎಂಟು ಗಂಟೆ ಮೊದಲು ಕಾಣಿಸಿಕೊಂಡದ್ದು ದರಪಟ್ಟಿಯಲ್ಲಿ. ಅಲ್ಲಿಂದ ಸುತ್ತೋಲೆಗೆ, ಸುತ್ತೋಲೆಯಿಂದ ಕಂಪ್ಯೂಟರಿಗೆ. ದರಪಟ್ಟಿಯ ಕೆಳಗೆ ‘ತಯಾರಿಸಿದವರು’ ಅಂತ ಒಂದು ಚಿಕ್ಕ ಸಹಿ.

ಆ ಸಹಿ ನನ್ನದು.

ಎಲ್ಲ ನೆನಪಾಯಿತು. ಮಾರ್ಚ್ ಕೊನೆ, ತಲೆ ಮೇಲೆ ಬಜೆಟ್ಟು. ದರಪಟ್ಟಿಯ ನಮೂನೆಯಲ್ಲಿ ‘ಇಂದ’ ‘ವರೆಗೆ’ ಅಂತ ಎರಡು ಕಾಲಮ್ಮು. ಖಾಲಿ ಬಿಟ್ಟರೆ ಆಡಿಟ್‌ನವರು ವಾಪಸು ಕಳಿಸುತ್ತಾರೆ. ನಮ್ಮ ಡ್ರೈವರ್, ವಾಚ್‌ಮನ್‌ಗಳ ರಾತ್ರಿ ಭತ್ಯೆಯ ತಕ್ತೆ ಮೇಜಿನ ಮೇಲೇ ಇತ್ತು. ಅದರಲ್ಲಿ ರಾತ್ರಿ ಅಂದರೆ ಎಂಟರಿಂದ ಏಳು. ನೋಡಿ ಇಳಿಸಿದೆ. ವೈದ್ಯಕೀಯ ವಿಭಾಗ ಒಂದು ಮಾಳಿಗೆ ಮೇಲೆ, ಫೋನ್ ಎತ್ತಿ ಕೇಳಿದ್ದರೆ ಎರಡು ನಿಮಿಷ. ಕೇಳಲಿಲ್ಲ. ಖಾಲಿ ಕಾಲಮ್ ಕಂಡರೆ ಕ್ಲಾರ್ಕನಿಗೆ ಕೈ ತುರಿಸುತ್ತದೆ, ತುಂಬಿದ ಕಾಲಮ್ಮನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಅಲ್ಲೇ ರ್ಯಾಕಿನ ನಡುವೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಷ್ಟು ಸಂಜೆ, ಎಷ್ಟು ಮನೆ, ಎಷ್ಟು ಮಂದಿ ನನ್ನ ಎಂಟಕ್ಕಾಗಿ ಉಸಿರು ಹಿಡಿದು ಕೂತಿದ್ದರೋ!

ಸಾಹೇಬರಿಗೆ ತೋರಿಸಿದೆ. ಎರಡು ಸಲ ಓದಿ ಕನ್ನಡಕ ತೆಗೆದರು. ಆಮೇಲೆ ಬಾಗಿಲು ಹಾಕಿಸಿ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು: “ಬಾಯಿ, ‘ಪ್ರತ್ಯಕ್ಷ ಅನುಷ್ಠಾನದಲ್ಲಿ ಅಡಚಣೆ ಕಂಡುಬಂದಿದೆ, ವೇಳೆ ಬದಲಿಸಬಹುದು’ ಅಂತ ಬರಿ. ನಿನ್ನ ಕತ್ತನ್ನು ನೀನೇ ಯಾಕೆ ಒಡ್ಡುತ್ತೀ?”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಹಾಗೆ ಬರೆದರೆ ಅದು ಹೊಸ ಧೋರಣೆಯಾಗುತ್ತದೆ. ಹೊಸ ಧೋರಣೆಗೆ ಹೊಸ ಅಂದಾಜು, ಹೊಸ ಮಂಜೂರಿ, ಮುಂದಿನ ವರ್ಷದ ಬಜೆಟ್ಟು. ಅಜ್ಜಿಗೆ ಮುಂದಿನ ವರ್ಷ ಎಲ್ಲಿಯದು? ಅದೇ ಲಿಪಿಕ ದೋಷ, ಅಂದರೆ ಕ್ಲಾರ್ಕಿನ ಕೈತಪ್ಪು ಅಂತ ಬರೆದರೆ ಮೂಲ ಮಂಜೂರಿ ಹಾಗೇ ನಿಲ್ಲುತ್ತದೆ, ಮುಖ್ಯ ಅಧಿಕಾರಿಗಳ ಒಂದು ಸಹಿಯಿಂದ ತಿದ್ದುಪಡಿ ಹೊರಡುತ್ತದೆ. ಆದರೆ ದೋಷ ಅಂದ ಮೇಲೆ ಮಾಡಿದವರ ಹೆಸರು ಬೇಕು. ಸಾಹೇಬರಿಗೂ ಇದು ಗೊತ್ತಿತ್ತು, ಅದಕ್ಕೇ ಬಾಗಿಲು ಹಾಕಿಸಿದ್ದರು.

ಎರಡು ದಿನ ತಡೆದೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ಎರಡೂ ರಾತ್ರಿ ನಿದ್ದೆ ಇಲ್ಲ. ಮೂರನೇ ದಿನ ಬರೆದೆ: ‘ದರಪಟ್ಟಿಯಲ್ಲಿ ವೇಳೆಯನ್ನು ಮೂಲ ಪ್ರಸ್ತಾವ ನೋಡದೆ ಬೇರೆ ತಕ್ತೆಯಿಂದ ನಕಲು ಮಾಡಿದವಳು ಕೆಳಗೆ ಸಹಿ ಮಾಡಿದ ನಾನು. ಡಾಕ್ಟರ ಮೇಲಿನ ಶಂಕೆಗೆ ಆಧಾರವಿಲ್ಲ, ನನ್ನ ಆಕ್ಷೇಪಣೆ ಹಿಂತೆಗೆದುಕೊಳ್ಳುತ್ತೇನೆ.’ ಜೊತೆಗೆ ಆರೂ ಐವತ್ತರ ಚೀಟಿ ಲಗತ್ತಿಸಿದೆ. ಮೆಮೊ ಬಂತು. ಇನ್‌ಕ್ರಿಮೆಂಟ್ ಒಂದು ವರ್ಷ ನಿಂತಿತು, ಬಡ್ತಿಯ ಪಟ್ಟಿಯಿಂದ ಹೆಸರು ಜಾರಿತು. ಡಾಕ್ಟರ ಪಾವತಿ ಬಿಡುಗಡೆಯಾಯಿತು. ಫೋನ್ ಮಾಡಿ ತಪ್ಪಾಯಿತು ಅಂದೆ. “ಆತು ಬಿಡ್ರಿ, ಹೋಗ್ತೀನಿ ಮುಂದೂ,” ಅಂದರು. ಅಷ್ಟು ಸಾಕಾಗಿತ್ತು ನನಗೆ.

ತಿದ್ದುಪಡಿ ಆದೇಶ ಆರು ವಾರಕ್ಕೆ ಹೊರಟಿತು. ಎಂಟರ ಬದಲು ನಾಲ್ಕು. ಟೈಪ್ ಮಾಡಿದವಳೂ ನಾನೇ, ಸಹಿ ಮಾಡಿಸಿದವಳೂ ನಾನೇ. ಕೆಳಗೆ ‘ಪ್ರತಿ’ ಅಂತ ಹಾಕಿ ಕಳಿಸಬೇಕಾದವರ ಪಟ್ಟಿ ಬರೆದೆ: ಟೋಕನ್ ಕೇಂದ್ರ, ವೈದ್ಯಕೀಯ ವಿಭಾಗ, ಅವರ ಮೂಲಕ ಡಾಕ್ಟರುಗಳು, ಆಡಿಟ್, ದಫ್ತರ. ಅವತ್ತೇ ಕಂಪ್ಯೂಟರಿನಲ್ಲಿ ಬದಲಾಯಿತೋ ಇಲ್ಲವೋ ಅಂತ ಸಂಜೆ ನಾಲ್ಕೂ ಹತ್ತಕ್ಕೆ ನಾನೇ ಫೋನ್ ಮಾಡಿ ನೋಡಿದೆ. ಟೋಕನ್ ಸಿಕ್ಕಿತು, ರದ್ದು ಮಾಡಿಸಿದೆ. ಕಚೇರಿಯಲ್ಲಿ ಪೇಡೆ ಹಂಚಿದೆ. ಇನ್‌ಕ್ರಿಮೆಂಟ್ ಹೋದವಳು ಪೇಡೆ ಹಂಚುವುದನ್ನು ನೋಡಿ ಎಲ್ಲ ನಕ್ಕರು, ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು.

ಹದಿನೈದು ದಿನಕ್ಕೊಮ್ಮೆ ಚೀಟಿಗಳ ಗಂಟು ಬರುತ್ತದೆ. ಆದೇಶ ಹೊರಟ ಹನ್ನೊಂದನೇ ದಿನ ಬಂತು. ಐದು, ಆರು, ಏಳು ಗಂಟೆಯ ಚೀಟಿಗಳನ್ನು ಕಣ್ಣಾರೆ ನೋಡಬೇಕು ಅಂತ ಮೊದಲು ಆ ವಸತಿಯ ಗಂಟನ್ನೇ ಬಿಚ್ಚಿದೆ. ಎಂಟೂ ಮೂರು. ಎಂಟೂ ಏಳು. ಎಂಟೂ ಹನ್ನೆರಡು. ಎಂಟೂ ಒಂದು. ಒಂದೇ ಒಂದು ಚೀಟಿ ಎಂಟರ ಒಳಗಿನದಿರಲಿಲ್ಲ. ಮೊದಲು ಬಂದದ್ದು ಸಿಟ್ಟು. ಇಷ್ಟು ಬಡಿದಾಡಿ ಮಾಡಿಸಿದರೂ ಈ ಮಂದಿ ಎಂಟನ್ನೇ ಹಿಡಿದು ಕೂತಿದ್ದಾರಲ್ಲ! ಆಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಅವರಿಗೆ ಹೇಳಿದವರು ಯಾರು? ಫೈಲಿನಿಂದ ಆದೇಶದ ಪ್ರತಿ ತೆಗೆದು ಪಟ್ಟಿ ಓದಿದೆ. ಅದರಲ್ಲಿ ಎಲ್ಲರೂ ಇದ್ದರು, ರೋಗಿಗಳಿರಲಿಲ್ಲ. ದವಾಖಾನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಅಂತ ಒಂದು ಸಾಲು ಬರೆಯಲು ನನಗೆ ಹೊಳೆದಿರಲಿಲ್ಲ. ಡಾಕ್ಟರಿಗೆ ಕೇಳಿದರೆ ಅವರಿಗೂ ಮುಟ್ಟಿರಲಿಲ್ಲ. ಅವರ ಪ್ರತಿ ಮೇಲಿನ ಮಾಳಿಗೆಯಲ್ಲಿ ವೈದ್ಯಕೀಯ ವಿಭಾಗದ ಟ್ರೇದಲ್ಲಿ ಬಿದ್ದಿತ್ತು.

ಗಂಟಿನ ನಡುವೆ ಅಜ್ಜಿಯ ಚೀಟಿ ಇತ್ತು. ಆರು ದಿನದ ಹಿಂದಿನದು. ಕರೆ 8.02, ಭೇಟಿ 8.14. ಷರಾ: ‘ತಲುಪುವ ಮೊದಲೇ ಪ್ರಾಣ ಹೋಗಿತ್ತು.’

ಸಾಹೇಬರಿಗೆ ಏನು ಹೇಳಿ ಹೊರಬಿದ್ದೆನೋ ನೆನಪಿಲ್ಲ. ಆ ಮನೆಯ ಬಾಗಿಲಿಗೆ ಹೋದಾಗ ಐದೂವರೆ ಇರಬೇಕು. ಒಲೆ ಹೊತ್ತಿಸಿರಲಿಲ್ಲ. ಓಣಿಯ ನಾಲ್ಕೈದು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು, ಯಾರೋ ಡಬ್ಬಿಯಲ್ಲಿ ಅನ್ನ ಸಾರು ತಂದಿಟ್ಟಿದ್ದರು. ಸೊಸೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತೆವು. ನಾನೇ ಹೆಚ್ಚು ಅತ್ತೆ, ಅವಳೇ ನನ್ನನ್ನು ಸಮಾಧಾನ ಮಾಡಿದಳು.

“ನನ್ನ ಕಡಿಂದ ಏನೂ ತಪ್ಪ ಆಗಿಲ್ರಿ ಬಾಯಾರ,” ಅಂದಳು. “ಎಂಟಕ್ಕ ಸರಿಯಾಗಿ ಹಚ್ಚಿದೆ. ಎರಡೂ ಫೋನ್ ಕೈಯಾಗ ಹಿಡಕೊಂಡ ಕುಂತಿದ್ದೆ. ಎರಡನೇ ಸಲಕ್ಕ ಲೈನ್ ಸಿಕ್ತು. ಡಾಕ್ಟರೂ ಓಡಿ ಬಂದ್ರು. ಅತ್ತಿ ಆಯುಷ್ಯ ಅಷ್ಟ ಇತ್ತು.”

ಹೂಂ ಅಂದೆ. ಆ ಸಮಾಧಾನ ಅವಳಿಗೆ ಇರಲಿ ಅನಿಸಿತು. ಅದನ್ನು ಕಸಿಯಲು ನಾನ್ಯಾರು? ಹೇಳಬಾರದು, ನಾಳೆ ದವಾಖಾನೆಗೆ ಹಾಳೆ ಅಂಟಿಸಿದರಾಯಿತು ಅಂತ ಒಳಗೇ ತೀರ್ಮಾನ ಮಾಡಿದೆ.

ಆಗ ಬಾಗಿಲ ಹತ್ತಿರ ಕೂತಿದ್ದ ಪಕ್ಕದ ಮನೆಯವಳು ನನ್ನ ಕಡೆ ತಿರುಗಿದಳು. “ಅಕ್ಕಾರ, ನೀವು ಆಫೀಸಿನವ್ರು ಅಂತಲ್ಲ. ನಮ್ಮ ಮಾವಗ ಇವತ್ತ ಮಧ್ಯಾಹ್ನದಿಂದ ದಮ್ಮ ಹತ್ತೇದ. ಎಂಟಕ್ಕ ಲೈನ್ ಸಿಗಂಗಿಲ್ಲ. ಬ್ಯಾರೆ ನಂಬರ್ ಏನರ ಅದ ಏನ್ರಿ?”

ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ ಇತ್ತು. ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಎಂಟರ ತನಕ ತಡೆಯುತ್ತ ಕೂತಿದ್ದಾನೆ. ಅವಳನ್ನು ಹೊರಗೆ ಕರೆದು ಕಿವಿಯಲ್ಲಿ ಹೇಳಲೇ? ಇವತ್ತಿನಿಂದಲೇ ಬದಲಾಗಿದೆ ಅಂತ ಒಂದು ಸುಳ್ಳು ಹೇಳಲೇ? ಒಂದೇ ಶಬ್ದದ ಸುಳ್ಳು, ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ಆದರೆ ಈ ಓಣಿಯಲ್ಲಿ ಇನ್ನೂ ಹತ್ತು ಮನೆಗೆ ಈ ಮಾತು ಹೋಗಬೇಕು. ಕೇಂದ್ರದವರೋ ಡಾಕ್ಟರೋ ನಾಳೆ ಖರೇ ತಾರೀಖು ಹೇಳಿಯೇ ಹೇಳುತ್ತಾರೆ. ಸೊಸೆ ಅದನ್ನು ಬೇರೆಯವರ ಬಾಯಿಂದ ಕೇಳುವುದು ಬೇಡ.

“ಎಂಟರ ತನಕ ಕಾಯಬ್ಯಾಡ್ರಿ,” ಅಂದೆ. “ಈಗ ಹಚ್ಚ್ರಿ, ಅದ ನಂಬರಿಗೆ. ಈಗ ನಾಕಕ್ಕ ಸುರು ಆಗ್ತದ.”

ಪಕ್ಕದವಳು ಫೋನ್ ತೆಗೆದುಕೊಂಡು ಎದ್ದು ಓಡಿದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

“ಎಂದಿನಿಂದ್ರಿ?” ಅಂತ ಕೇಳಿದಳು.

“ಹನ್ನೊಂದ ದಿನ ಆತು ತಂಗಿ. ನಿಮಗ ಹೇಳೋದು ನನ್ನ ಕೆಲಸ ಇತ್ತು. ನಾ ಹೇಳಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಮೆಲ್ಲಗೆ ಕೈ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು, ಖಾಲಿ ಕಾಟಿನ ಕಡೆ ನೋಡುತ್ತ ಹೇಳಿದಳು:

“ಅವತ್ತ ಅತ್ತಿಗೆ ನಾಕೂವರಿಗೇ ಸುರು ಆಗಿತ್ರಿ.”